ನಮ್ಮಾಂವ ಇಟಲಿಯಲ್ಲಿ

ನನ್ನ ಮೊಬೈಲಿಗೆ ದಿನಾ ಬೆಳಿಗ್ಗೆ ಇಟಲಿಯ ಒಂದು ಊರಿನ ಹವಾಮಾನ ಬರುತ್ತದೆ. ನಾನಿರುವ ರಾಯಬಾಗದಲ್ಲಿ ಮಳೆಯಾಗುವುದೋ ಇಲ್ಲವೋ ಅದಕ್ಕೆ ಬೇಕಾಗಿಲ್ಲ. ಅಲ್ಲಿ ಮಂಜು ಮುಸುಕಿದೆ, ಬೆಚ್ಚಗಿನ ಬಟ್ಟೆ ಹಾಕಿಕೊಂಡು ಹೊರಡಿ ಎಂದು ನನಗೆ ಬುದ್ಧಿ ಹೇಳುತ್ತದೆ. ಮೊನ್ನೆ ಚಿಕ್ಕೋಡಿ ಬಸ್ಸಿನಲ್ಲಿ ಪಕ್ಕಕ್ಕೆ ಕೂತಿದ್ದ ಹಿರಿಯರೊಬ್ಬರು ಅದನ್ನು ಇಣುಕಿ ನೋಡಿ, "ಮಗಾ ಪರದೇಶದಾಗ ಅದಾನೇನ್ರಿ?" ಎಂದು ಕೇಳಿದರು.

"ಇಲ್ಲರಿ. ನಮ್ಮ ಗೆಳ್ಯಾನ ಕಡ್ಯಾಂವ ಒಬ್ಬ ಅದಾನ," ಎಂದೆ.

ಅವರು ತಲೆಯಾಡಿಸಿ ಕಿಟಕಿಯ ಕಡೆ ತಿರುಗಿದರು. ಮುಂದೆ ಕೇಳಿದ್ದರೆ ಏನು ಹೇಳುತ್ತಿದ್ದೆ ಎಂದು ನಾನು ಇಳಿಯುವವರೆಗೂ ಯೋಚಿಸಿದೆ. ಆ ಮನುಷ್ಯ ನನ್ನ ಗೆಳೆಯನನ್ನು ಒಮ್ಮೆಯೂ ಕಂಡಿಲ್ಲ. ಉಗಾರ ಬುದ್ರುಕ ಎಂಬ ಊರೊಂದು ಈ ಭೂಮಿಯ ಮೇಲಿದೆ ಎನ್ನುವುದು ಅವನಿಗೆ ಗೊತ್ತಿರಲಿಕ್ಕಿಲ್ಲ. ಆದರೂ ಅವನು ನಮ್ಮ ಕಡೆಯವನೇ. ಬಸ್ಸಿನಲ್ಲಿ ಹೇಳಲಾಗದ್ದನ್ನು ನಿಮಗೆ ಹೇಳಿಬಿಡುತ್ತೇನೆ. ನಡುವೆ ನಗು ಬಂದರೆ ನಕ್ಕುಬಿಡಿ, ನಾನೂ ಬಹಳ ವರ್ಷ ನಕ್ಕವನೇ.

ನಮ್ಮ ಉಗಾರ ಕೃಷ್ಣೆಯ ದಂಡೆಯ ಮೇಲಿದೆ. ಸುತ್ತಲಿನ ಊರುಗಳ ಹುಡುಗರು ಕುಸ್ತಿ, ಕಬಡ್ಡಿ ಎಂದು ಮೈ ಬೆಳೆಸಿಕೊಳ್ಳುತ್ತಿದ್ದಾಗ ನಮಗೆ ಮಾತ್ರ ಮಿರಜ, ಕೊಲ್ಹಾಪುರದ ಗಾಳಿ ಬಡಿದು ಫುಟ್‌ಬಾಲಿನ ಹುಚ್ಚು ಹಿಡಿದಿತ್ತು. ನನ್ನನ್ನು ಗೋಲಿನಲ್ಲಿ ನಿಲ್ಲಿಸಿದ್ದರು. ನಾನು ಚೆನ್ನಾಗಿ ಹಾರುತ್ತೇನೆ ಎಂದಲ್ಲ. ಓಡಲು ಬರುವುದಿಲ್ಲ, ಆದರೆ ಅಗಲವಾಗಿದ್ದೇನೆ, ಅರ್ಧ ಗೋಲು ತಾನಾಗಿಯೇ ಮುಚ್ಚಿಕೊಳ್ಳುತ್ತದೆ ಎಂಬ ಲೆಕ್ಕಾಚಾರ. ಉಳಿದ ಅರ್ಧವನ್ನು ನೋಡಿಕೊಳ್ಳಲು ನನ್ನ ಮುಂದೆ ರಾವಸಾಬ ನಿಲ್ಲುತ್ತಿದ್ದ.

ಕಬ್ಬು ಕಡಿದಾದ ಮೇಲೆ ನಮ್ಮ ಕಡೆ ಹೊಲದಲ್ಲಿ ಉಳಿದ ರವದಿಗೆ ಬೆಂಕಿ ಹಚ್ಚುತ್ತಾರೆ. ಒಣಗಿದ ಕಬ್ಬಿನ ಎಲೆ ಅದು, ಸುಟ್ಟ ಮೇಲೂ ಎಲೆಯ ಆಕಾರದಲ್ಲೇ ಇರುತ್ತದೆ. ಕರಿ ಹಕ್ಕಿಯ ಪುಕ್ಕದ ಹಾಗೆ ಮೇಲೇರಿ, ಅವಸರವಿಲ್ಲದೆ ಮೈದಾನದ ಮೇಲೆ ಇಳಿಯುತ್ತದೆ. ಮುಟ್ಟಿದರೆ ಪುಡಿ. ಆ ಹೊಗೆಯಲ್ಲಿ ಎದುರಿನ ಗೋಲು ಕಾಣುತ್ತಿರಲಿಲ್ಲ. ಆಟಗಾರರು ಕಾಣುತ್ತಿರಲಿಲ್ಲ. ಕೂಗು ಮಾತ್ರ ಬರುತ್ತಿತ್ತು, ಯಾರದೆಂದು ತಿಳಿಯುತ್ತಿರಲಿಲ್ಲ. ನನಗೆ ಕಾಣುತ್ತಿದ್ದುದು ಒಂದೇ, ರಾವಸಾಬನ ಬೆನ್ನು. ಎರಡೂ ಕೈ ಸೊಂಟದ ಮೇಲೆ, ತಲೆ ಸ್ವಲ್ಪ ಎಡಕ್ಕೆ ವಾಲಿದ್ದು, ಎಡಗಾಲಿನ ಮೋಜೆ ಜಾರಿ ಬೂಟಿನ ಮೇಲೆ ಬಿದ್ದಿದ್ದು. ಅವನೂ ಓಡುತ್ತಿರಲಿಲ್ಲ. ಚೆಂಡು ಎಲ್ಲಿಗೆ ಬರುತ್ತದೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ನನ್ನ ಹುಡುಗಾಟದ ದಿನಗಳಲ್ಲಿ ನಾನು ಅತಿ ಹೆಚ್ಚು ನೋಡಿದ್ದು ಏನು ಎಂದರೆ ಆ ಬೆನ್ನು. ಅದರಷ್ಟು ಧೈರ್ಯ ಕೊಡುವ ವಸ್ತುವನ್ನು ನಾನು ಆಮೇಲೆ ಕಂಡಿಲ್ಲ.

ರಾವಸಾಬನದು ಕಬ್ಬಿನ ಹೊಲವಿದ್ದ ಮನೆ. ನಮ್ಮ ಓಣಿಗೆ ಮೊದಲು ಬಣ್ಣದ ಟಿವಿ ಬಂದದ್ದು ಅಲ್ಲಿಗೇ. ವಿಶ್ವಕಪ್ ನಡೆಯುತ್ತಿದ್ದಾಗ ಸಂಜೆಯ ಪಂದ್ಯಕ್ಕೆ ನಾವೆಲ್ಲ ಅವರ ಪಡಸಾಲೆಯಲ್ಲಿ ಸೇರುತ್ತಿದ್ದೆವು. ಒಂದು ಸಂಜೆ ಇಟಲಿಯ ಆಟ. ಯಾರೋ ಕಾಲು ಹಿಡಿದುಕೊಂಡು ಬಿದ್ದಿದ್ದರಿಂದ ಪಂದ್ಯ ನಿಂತಿತ್ತು. ಕ್ಯಾಮೆರಾ ಅತ್ತಿತ್ತ ಅಲೆದು, ಕೊನೆಗೆ ಇಟಲಿಯ ಒಬ್ಬ ಎಳೆಯ ಡಿಫೆಂಡರನ ಬೆನ್ನಿನ ಮೇಲೆ ನಿಂತಿತು. ಅದೇ ಹೊತ್ತಿಗೆ ರಾವಸಾಬನ ಅವ್ವ ಕೊಟ್ಟಿಗೆಯಿಂದ ಹಾಲಿನ ಬಕೆಟ್ಟು ಹಿಡಿದು ಒಳಗೆ ಬಂದರು. ಟಿವಿ ಕಡೆ ನೋಡಿ, ದಿನಾ ಕರೆಯುವ ದನಿಯಲ್ಲೇ ಕರೆದರು.

"ರಾವಸಾಬ, ಅಲ್ಲ್ಯಾಕ ಹೋಗಿ ನಿಂತೀಯೋ? ಎಮ್ಮಿಗೆ ನೀರ ಕುಡಸೂದೈತಿ."

"ಅವ್ವಾ, ನಾ ಇಲ್ಲೇ ಅದೀನಿ," ಎಂದ ರಾವಸಾಬ. ಅವನು ಅವರ ಪಕ್ಕದಲ್ಲೇ, ಬಾಗಿಲಿಗೆ ಒರಗಿ ನಿಂತಿದ್ದ.

ನಾವೆಲ್ಲ ಹೋ ಎಂದು ನಕ್ಕೆವು. ಅವ್ವ ನಗಲಿಲ್ಲ. ಮಗನನ್ನು ನೋಡಿದರು, ಟಿವಿ ನೋಡಿದರು. ಅಲ್ಲಿ ಎರಡೂ ಕೈ ಸೊಂಟದ ಮೇಲೆ, ತಲೆ ಎಡಕ್ಕೆ, ಎಡಗಾಲಿನ ಮೋಜೆ ಕೆಳಗೆ. ಬಕೆಟ್ಟನ್ನು ನೆಲಕ್ಕಿಟ್ಟು ಹತ್ತಿರ ಹೋಗಿ, ಸೆರಗಿನ ತುದಿಯಿಂದ ಆ ಹುಡುಗನ ಬೆನ್ನನ್ನು ಗಾಜಿನ ಮೇಲೆಯೇ ಒರೆಸಿದರು. "ಭಾಳ ಬೆವತೈತಿ ನೋಡ ಹುಡುಗ," ಎಂದು ಬಕೆಟ್ಟು ಎತ್ತಿಕೊಂಡು ಒಳಗೆ ಹೋದರು. ಅಷ್ಟರಲ್ಲಿ ಆಟ ಮತ್ತೆ ಶುರುವಾಯಿತು.

ಅಂದಿನಿಂದ ಅವನು 'ನಮ್ಮಾಂವ'. ಅವನ ನಿಜವಾದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅವನಿಗೆ ತಿಳಿಯದಂತೆ ಅವನ ಬದುಕಿನ ಬಗ್ಗೆ ಇಷ್ಟು ಹೇಳುತ್ತಿರುವಾಗ ಹೆಸರನ್ನಾದರೂ ಹೇಳದಿರುವುದು ಮರ್ಯಾದೆ.

ಆಗ ಇಟಲಿಯ ಸುದ್ದಿ ನಮ್ಮೂರಿಗೆ ಬರುವುದು ಸುಲಭವಿರಲಿಲ್ಲ. ನಾನು ಮಿರಜಕ್ಕೆ ಹೋದಾಗ ಸ್ಟೇಷನ್ನಿನ ಅಂಗಡಿಯಲ್ಲಿ ಹಳೆಯ ಇಂಗ್ಲಿಷ್ ಕ್ರೀಡಾಪತ್ರಿಕೆ ಕೊಂಡು ತರುತ್ತಿದ್ದೆ. ಅದರಲ್ಲಿನ ಸುದ್ದಿ ಅದಕ್ಕಿಂತ ಹಳೆಯದು. ನಾನು ಓದಿ, ಅರ್ಥವಾದದ್ದಕ್ಕೆ ಅರ್ಥವಾಗದ್ದನ್ನು ಸೇರಿಸಿ, ರಾವಸಾಬನಿಗೆ ವರದಿ ಒಪ್ಪಿಸುತ್ತಿದ್ದೆ.

ಕಾಗವಾಡದಲ್ಲಿ ಆಡುವಾಗ ಒಬ್ಬನ ತಲೆ ಬಡಿದು ರಾವಸಾಬನ ಎಡಹುಬ್ಬು ಸೀಳಿತು. ಹೊಲಿಗೆ ಹಾಕಿಸಿಕೊಂಡು ಬಂದ. ಮುಂದೆ ಎಂದೋ ಒಂದು ಪತ್ರಿಕೆ ಬಿಡಿಸಿದರೆ, ನಮ್ಮಾಂವನ ಎಡಹುಬ್ಬಿನ ಮೇಲೆ ಬಿಳಿ ಪಟ್ಟಿ. ನಿಪ್ಪಾಣಿಯ ಟೂರ್ನಮೆಂಟಿನಲ್ಲಿ, ಊರಿಗೆ ಊರೇ ತಂಬಾಕಿನ ಘಾಟು ಹೊಡೆಯುತ್ತಿದ್ದ ಮಧ್ಯಾಹ್ನ, ಚೆಂಡು ರಾವಸಾಬನ ಮೊಣಕಾಲಿಗೆ ಬಡಿದು ನಮ್ಮದೇ ಗೋಲಿನೊಳಗೆ ಹೋಯಿತು. ನಾನು ಅಡ್ಡ ಹಾರಿದೆ. ಗೋಣಿಚೀಲ ಉರುಳಿದಂತಾಯಿತು ಎಂದು ನೋಡಿದವರು ಈಗಲೂ ಹೇಳುತ್ತಾರೆ. ಅದಾದ ಮೇಲೆ ಮಿರಜದಿಂದ ತಂದ ಪತ್ರಿಕೆಯಲ್ಲಿ ನಮ್ಮಾಂವನೂ ತನ್ನದೇ ಗೋಲಿಗೆ ಚೆಂಡು ಹಾಕಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ಅಂವಾ ಮಾಡಿದ್ದ ನಾ ಮಾಡ್ತೀನಿ ನೋಡ ಮಾಸ್ತರ," ಎಂದು ರಾವಸಾಬ ನಗುತ್ತಿದ್ದ. ನಾನಾಗ ರಾಯಬಾಗದ ಹೈಸ್ಕೂಲಿನಲ್ಲಿ ಸಮಾಜ ಪಾಠದ ಮಾಸ್ತರನಾಗಿ ಸೇರಿದ್ದೆ, ಹೆಸರು ಹೋಗಿ 'ಮಾಸ್ತರ' ಉಳಿದಿತ್ತು. ಸುದ್ದಿ ಅಷ್ಟು ದೂರದಿಂದ ಬರುತ್ತದೆ, ತಡವಾಗಿ ಬರುತ್ತದೆ. ಹಾಗಾದರೆ ಅದು ಅಲ್ಲಿ ಮೊದಲೇ ಆಗಿರಬೇಕು, ಆಮೇಲೆ ಇಲ್ಲಿ ಆಗಿರಬೇಕು. ನಾವಿಬ್ಬರೂ ಹಾಗೆಯೇ ತಿಳಿದಿದ್ದೆವು.

ರಾವಸಾಬನ ಮದುವೆಯಾಯಿತು. ಹೆಂಡತಿ ಶಾಲನ, ನನಗೆ ಅತ್ತಿಗೆಯ ಲೆಕ್ಕದಲ್ಲಿ ಶಾಲನ ವೈನಿ, ನಿಪ್ಪಾಣಿ ಕಡೆಯವರು, ಮರಾಠಿ ಬೆರೆಸಿ ಕನ್ನಡ ಮಾತಾಡುತ್ತಿದ್ದರು. ಮಗಳು ಹುಟ್ಟಿದಾಗ ಅವನ ಮೊಣಕಾಲು ಮುರಿದಿತ್ತು. ಬಾಣಂತಿ ನಡೆಯುತ್ತಿದ್ದಳು, ಅಪ್ಪ ಕುಂಟುತ್ತಿದ್ದ. ನಮ್ಮಾಂವನ ಮೊಣಕಾಲೂ ಹೋಗಿದೆ ಎಂದು, ಅಪರೂಪಕ್ಕೆ ಸಿಕ್ಕ ಆ ವಾರದ್ದೇ ಪತ್ರಿಕೆ ಓದಿ, ನಾನು ತೊಟ್ಟಿಲ ಕಾರ್ಯಕ್ಕೆ ಹೋದಾಗ ಹೇಳಿದೆ. ವೈನಿ ಕೈಯಲ್ಲಿದ್ದ ತಟ್ಟೆಯನ್ನು ನನ್ನ ಮುಂದೆ ಸ್ವಲ್ಪ ಜೋರಾಗಿಯೇ ಇಟ್ಟರು.

"ಭಾವುಜಿ, ಆ ಮನಷ್ಯಾನ ಸುದ್ದಿ ಇನ್ನ ಈ ಮನ್ಯಾಗ ತಗೀಬ್ಯಾಡ್ರಿ. ಏನರ ಆದಾಗೆಲ್ಲಾ ಅವನ ಹೆಸರ ಬರತೈತಿ."

ನಾವು ಅವರ ಮುಂದೆ ತೆಗೆಯುವುದನ್ನು ಬಿಟ್ಟೆವು. ಹಿತ್ತಲಲ್ಲಿ ತೆಗೆಯುತ್ತಿದ್ದೆವು.

ಇಬ್ಬರೂ ಆಟ ಬಿಟ್ಟರು. ನಮ್ಮಾಂವ ಅಲ್ಲಿಯ ಒಂದು ಕ್ಲಬ್ಬಿನ ಮ್ಯಾನೇಜರನಾದ, ಅಂದರೆ ತಂಡಕ್ಕೆ ಆಟ ಹೇಳಿಕೊಡುವವನು. ರಾವಸಾಬನನ್ನು ನಾನೇ ನಮ್ಮ ಶಾಲೆಗೆ ಎಳೆದು ತಂದಿದ್ದೆ, ಹುಡುಗಿಯರಿಗೆ ಫುಟ್‌ಬಾಲ್ ಕಲಿಸಲು. ಬೇರೆ ಶಾಲೆಗಳ ಕೋಚುಗಳು ಸೀಟಿ ಊದಿಕೊಂಡು ಓಡಾಡುತ್ತಿದ್ದರೆ ಇವನು ಗೆರೆಯ ಆಚೆ ನಿಂತು ತಂಬಾಕು ತಿಕ್ಕುತ್ತ ನೋಡುತ್ತಿದ್ದ. ನಿಪ್ಪಾಣಿಯ ತಂಬಾಕು, ಅದಕ್ಕೆ ಚಿಟಿಕೆ ಸುಣ್ಣ. ಎಡ ಅಂಗೈಯ ಮೇಲೆ ಬಲ ಹೆಬ್ಬೆರಳಿನಿಂದ ತಿಕ್ಕಿ, ಎರಡು ಬೆರಳಲ್ಲಿ ತಟ್ಟಿ ಧೂಳು ಹಾರಿಸಿ, ಕೆಳತುಟಿಯೊಳಗೆ ಇಟ್ಟುಕೊಂಡ ಮೇಲೆಯೇ ಅವನ ಬಾಯಿಂದ ಸಲಹೆ ಹೊರಡುವುದು. ಪಾಲಬಾವಿಯಿಂದ ಬರುತ್ತಿದ್ದ ಹುಡುಗಿಯರು ಮನೆಯಲ್ಲಿ ಕುರಿ ಮೇಯಿಸುವವರು. "ಇವ್ರಿಗೆ ನಾ ಏನ ಕಲಸ್ಲೋ ಮಾಸ್ತರ? ತಪ್ಪಿಸ್ಕೊಂಡ ಓಡೂ ಕುರಿಗೆ ಅಡ್ಡ ನಿಂತ ಕಾಲ ಇವು," ಎನ್ನುತ್ತಿದ್ದ. ಅಥಣಿಯವರ ಮೇಲೆ ಆಡಿದಾಗ ಆ ಹುಡುಗಿಯರು ಒಂದೂ ಗೋಲು ಬಿಟ್ಟುಕೊಡಲಿಲ್ಲ. ರಾವಸಾಬ ಆ ದಿನ ಎಲ್ಲರಿಗೂ ಭಜಿ ಕೊಡಿಸಿ, ತಾನು ತಿನ್ನುವುದನ್ನು ಮರೆತ.

ನಗುವ ಮಾತು ಇಲ್ಲಿಗೆ ಮುಗಿಯಿತು ಎನ್ನಬೇಕು. ಈಚೆಗೆ ಮೊಬೈಲು ಬಂದು ಇಟಲಿ ಅಂಗೈಗೇ ಬಂದಿತ್ತು. ಅಲ್ಲಿಯ ಪಂದ್ಯಗಳ ತುಣುಕುಗಳನ್ನು ನಾನು ಮರುದಿನ ನೋಡುತ್ತಿದ್ದೆ. ಒಂದು ಬೆಳಿಗ್ಗೆ ಮೈದಾನದ ಅಂಚಿನ ಬೇವಿನ ಗಿಡದ ಕೆಳಗೆ ರಾವಸಾಬನೂ ನಾನೂ ಒಂದೇ ಮೊಬೈಲಿಗೆ ತಲೆ ಹಾಕಿ ಕೂತಿದ್ದೆವು. ನಮ್ಮಾಂವ ಉದ್ದನೆಯ ಕರಿ ಕೋಟು ಹಾಕಿಕೊಂಡು ಗೆರೆಯ ಹತ್ತಿರ ನಿಂತಿದ್ದ. ತಂಡ ಸೋಲುತ್ತಿತ್ತು. ಕ್ಯಾಮೆರಾ ಅವನ ಹತ್ತಿರ ಹೋಯಿತು. ಅವನು ಎಡ ಅಂಗೈ ಮುಂದೆ ಚಾಚಿದ. ಬಲ ಹೆಬ್ಬೆರಳಿನಿಂದ ಅದನ್ನು ತಿಕ್ಕತೊಡಗಿದ. ಕಣ್ಣು ಆಟದ ಮೇಲೆಯೇ ಇತ್ತು. ಸ್ವಲ್ಪ ಹೊತ್ತು ತಿಕ್ಕಿ, ಎರಡು ಬೆರಳಲ್ಲಿ ಅಂಗೈಯನ್ನು ತಟ್ಟಿದ. ಆಮೇಲೆ ಚಿಟಿಕೆ ಎತ್ತಿ ಕೆಳತುಟಿಯೊಳಗೆ ಇಟ್ಟುಕೊಂಡ.

ಅವನ ಕೈಯಲ್ಲಿ ಏನೂ ಇರಲಿಲ್ಲ.

ನಾನು ಅದನ್ನು ಮತ್ತೆ ಹಿಂದಕ್ಕೆ ತಂದು ನೋಡಿದೆ. ಏನೂ ಇರಲಿಲ್ಲ. ರಾವಸಾಬನ ಕಡೆ ತಿರುಗಿದರೆ, ಅವನ ಎಡ ಅಂಗೈಯ ಮೇಲೆ ತಿಕ್ಕಿದ ತಂಬಾಕು ಸಿದ್ಧವಾಗಿತ್ತು, ಬಲಗೈ ಅದರ ಮೇಲೆ ನಿಂತುಬಿಟ್ಟಿತ್ತು. ಹುಡುಗಿಯರು ಆಚೆ ಕೂಗಾಡುತ್ತ ಓಡುತ್ತಿದ್ದರು. ಬೇವಿನ ಕೆಳಗೆ ಮಾತ್ರ ಏನೋ ಒಂದು ಥರ ತಣ್ಣಗಾದಂತಿತ್ತು.

"ಬಂದ್ ಮಾಡು ಅದನ್ನ," ಎಂದ ರಾವಸಾಬ.

ಮಾಡಿದೆ. ಬಹಳ ದಿನ ನಾವು ಆ ಮಾತು ಎತ್ತಲಿಲ್ಲ.

ಒಂದು ಭಾನುವಾರ ಬೆಳಿಗ್ಗೆ ಶಾಲನ ವೈನಿ ಫೋನ್ ಮಾಡಿದರು. "ಭಾವುಜಿ, ಈಗಿಂದೀಗ ಬರ್ರಿ. ಇವರ ಎದಿ ನೋಯಾಕತ್ತೈತಿ. ಗ್ಯಾಸ್ ಅಂತಾರ. ದವಾಖಾನಿಗೆ ನಡೀರಿ ಅಂದ್ರ ಕೇಳವಲ್ರು."

ನಾನು ಹೋದಾಗ ರಾವಸಾಬ ಅಂಗಳದ ಹೊರಸಿನ ಮೇಲೆ ಬನಿಯನ್ನಿನಲ್ಲಿ ಕೂತಿದ್ದ. ಬೆಳಗಿನ ತಂಪಿನಲ್ಲೂ ಬೆವರಿದ್ದ. ಬಣ್ಣ ಇಳಿದು ಮುಖ ಹಳೆಯ ಗೋಡೆಯಂತಾಗಿತ್ತು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಕೊನೆಗೆ ಒಂದೇ ಕೇಳಿದ.

"ನಮ್ಮಾಂವ ಹ್ಯಾಂಗ ಅದಾನ?"

"ಅವನ ಸುದ್ದಿ ಈಗ್ಯಾಕಲೇ?"

"ನೋಡು ಅಂದ್ನೆಲ್ಲ."

ನೋಡಿದೆ. ಹಿಂದಿನ ದಿನದ ಪಂದ್ಯದಲ್ಲಿ ಅವನು ಗೆರೆಯುದ್ದಕ್ಕೂ ಓಡಾಡಿದ್ದ, ಗೆದ್ದ ಮೇಲೆ ಹುಡುಗರನ್ನು ಎತ್ತಿಕೊಂಡಿದ್ದ. ಫೋಟೋ ತೋರಿಸಿದೆ. ರಾವಸಾಬ ಸಮಾಧಾನದಿಂದ ಗೋಡೆಗೆ ಒರಗಿದ.

"ನೋಡಿದ್ಯಾ? ಅಂವಾ ಗಟ್ಟಿ ಅದಾನ. ಅಂವಗ ಏನೂ ಆಗಿಲ್ಲಂದಮ್ಯಾಲ ನನಗೇನ ಆಗತೈತಿ? ಇದು ಗ್ಯಾಸ್."

ಇಷ್ಟು ವರ್ಷದ ತಮಾಷೆ ಹೀಗೆ ಬಂದು ಅವನ ಎದೆಯ ಮೇಲೆ ಕೂರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಆಗ ಬಾಗಿಲಲ್ಲಿ ನಿಂತಿದ್ದ ವೈನಿ ಮಾತಾಡಿದರು. ದನಿ ಎತ್ತರಿಸಲಿಲ್ಲ.

"ಯಾವಾಗ ನಿಮ್ಮ ಕಾಲ ಮುರೀತು?"

"ಯಾಕ?"

"ಪಲ್ಲವಿ ಹುಟ್ಟೂಕಿಂತ ಮೊದಲ. ನೀವು ಕುಂಟಕೋತ ಬಂದ ಮಗಳನ್ನ ಎತ್ಕೊಂಡ್ರಿ. ಅವನ ಕಾಲ ಮುರದದ್ದ ಭಾವುಜಿ ಬಂದ ಹೇಳಿದ್ದು ತೊಟ್ಟಿಲದಾಗ ಹಾಕೂ ದಿನ. ಮೊನ್ನೆ ಮೊನ್ನೆ ಆಗೈತಿ ಅಂತ ಅಂದ್ರು. ನನಗ ನೆನಪೈತಿ, ಯಾಕಂದ್ರ ಅವತ್ತ ನನಗ ಭಾಳ ಸಿಟ್ಟ ಬಂದಿತ್ತು." ನನ್ನ ಕಡೆಗೂ ತಿರುಗಿದರು. "ನೀವಿಬ್ರೂ ತಿರುಗಾ ಮುರುಗಾ ತಿಳಕೊಂಡೀರಿ. ಯಾವಾಗ್ಲೂ ಮೊದಲ ನಿಮ್ಮದು. ಆಮ್ಯಾಲ ಅವಂದು."

ರಾವಸಾಬ ನನ್ನ ಕಡೆ ನೋಡಿದ. "ಹೌದೇನೋ ಮಾಸ್ತರ?"

ನಾನು ಮೊಬೈಲಿನಲ್ಲಿ ಹುಡುಕಿದೆ. ಹಿಂದೆ ಸ್ಟೇಷನ್ನಿನ ಅಂಗಡಿಯ ಪತ್ರಿಕೆಯಲ್ಲಿ ಸಿಗದಿದ್ದ ತಾರೀಖುಗಳೆಲ್ಲ ಈಗ ಅಲ್ಲಿ ಸಾಲಾಗಿ ಇದ್ದವು. ಮೊಣಕಾಲು, ಮಗಳು ಹುಟ್ಟಿದ ನಂತರ. ಹುಬ್ಬು, ಕಾಗವಾಡದ ನಂತರ. ತನ್ನದೇ ಗೋಲಿಗೆ ಹಾಕಿದ್ದು, ನಿಪ್ಪಾಣಿಯ ನಂತರ. ನಮ್ಮಾಂವ ಆಟ ಬಿಟ್ಟಾಗ ರಾವಸಾಬ ಆಗಲೇ ಮನೆಯಲ್ಲಿ ಕೂತಿದ್ದ. ಅವನು ಮ್ಯಾನೇಜರನಾಗುವ ಹೊತ್ತಿಗೆ ನಮ್ಮ ಹುಡುಗಿಯರು ಅಥಣಿಯವರನ್ನು ಸೋಲಿಸಿಯಾಗಿತ್ತು. ಒಂದಾದರೂ ತಪ್ಪಲಿ ಎಂದು ನಾನು ಹುಡುಕುತ್ತಲೇ ಇದ್ದೆ. ತಪ್ಪಲಿಲ್ಲ.

ಅಂಗಳದಾಚೆ ಕಬ್ಬು ಆಳೆತ್ತರಕ್ಕೆ ನಿಂತಿತ್ತು. ಗಾಳಿ ಇರಲಿಲ್ಲ, ಆದರೂ ಒಳಗೆಲ್ಲೋ ಎಲೆಗೆ ಎಲೆ ತಾಗಿದ ಸದ್ದು ಬರುತ್ತಿತ್ತು. ನಾನು ತಲೆಯೆತ್ತಿ, ಹೌದು ಎಂದು ಅಷ್ಟೇ ಹೇಳಿದೆ.

ರಾವಸಾಬ ತನ್ನ ಎದೆಯ ಮೇಲೆ ಕೈ ಇಟ್ಟುಕೊಂಡ. "ಅಂದ್ರ, ಈ ನೋವು..."

"ಇನ್ನ ಅಲ್ಲಿಗೆ ಮುಟ್ಟಿಲ್ಲರಿ," ಎಂದರು ವೈನಿ.

ಅವನು ನನ್ನ ಮೊಬೈಲನ್ನು ಮತ್ತೆ ತನ್ನ ಕಡೆ ತಿರುಗಿಸಿ ಆ ಫೋಟೋ ನೋಡಿದ. ಆಮೇಲೆ, "ಅಂವಗ ಮಕ್ಳ ಎಷ್ಟೋ?" ಎಂದು ಕೇಳಿದ.

"ಎರಡು ಹೆಣ್ಣ ಮಕ್ಳು ಅಂತ ಓದೀನಿ."

ರಾವಸಾಬ ಎದ್ದು ಗೋಡೆಯ ಬುಡಕ್ಕೆ ಹೋಗಿ ಬಾಯಿಯ ತಂಬಾಕು ಉಗುಳಿದ. ಚೊಂಬಿನ ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿದ. ಸೊಂಟದ ಚಂಚಿಯನ್ನು ಬಿಚ್ಚಿ, ಒಳಗಿನ ತಂಬಾಕನ್ನು ಗಟಾರಕ್ಕೆ ಸುರಿದ.

"ಅಂಗಿ ತಾ. ಮಿರಜಕ್ಕ ನಡೀರಿ," ಎಂದ.

ವೈನಿ ಅಂಗಿ ತಂದುಕೊಟ್ಟು ನನ್ನ ಕಡೆ ತಿರುಗಿದರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗುವಿತ್ತು. "ನಾ ಅತ್ನಿ, ಮಗಳ ಫೋನ್ಯಾಗ ಅತ್ಲು. ಕೇಳಲಿಲ್ಲ. ಯಾಂವನೋ ಇಟಲ್ಯಾಂವನ ಸಲುವಾಗಿ ಅಂಗಿ ಹಾಕ್ಕೊಂಡ್ರ ನೋಡ್ರಿ ಭಾವುಜಿ!"

ಮಿರಜದಲ್ಲಿ ಡಾಕ್ಟರು ನೋಡಿದ ಕೂಡಲೇ ಒಳಗೆ ತೆಗೆದುಕೊಂಡರು. ಎದೆಯ ರಕ್ತನಾಳವೊಂದು ಪೂರ್ತಿ ಮುಚ್ಚಿಹೋಗುವುದರಲ್ಲಿತ್ತು. ಮಧ್ಯಾಹ್ನದ ಹೊತ್ತಿಗೆ ಅದನ್ನು ತೆರೆದು ಸ್ಟೆಂಟು ಕೂರಿಸಿಯಾಗಿತ್ತು. ಹೊತ್ತಿಗೆ ಸರಿಯಾಗಿ ಬಂದಿರಿ, ಸಂಜೆ ತನಕ ಕಾದಿದ್ದರೆ ಕಷ್ಟವಿತ್ತು ಎಂದು ಅವರು ಮರಾಠಿಯಲ್ಲಿ ಹೇಳಿದಾಗ ವೈನಿ ಗೋಡೆ ಹಿಡಿದುಕೊಂಡು ಕೂತುಬಿಟ್ಟರು. ನಾನು ಡಾಕ್ಟರಿಗೆ ಮತ್ತೆ ಮತ್ತೆ ಕೈ ಮುಗಿಯುತ್ತಿದ್ದೆನಂತೆ. ಅವರು ಹೋದ ಮೇಲೂ ಬಾಗಿಲಿಗೆ ಮುಗಿಯುತ್ತಿದ್ದೆನಂತೆ. ಇದನ್ನು ವೈನಿ ಈಗ ಎಲ್ಲರಿಗೂ ಹೇಳಿ ನಗುತ್ತಾರೆ.

ರಾವಸಾಬ ಕಣ್ಣು ಬಿಟ್ಟು, ಹೆಂಡತಿಯ ಕೈ ಹಿಡಿದುಕೊಂಡು, ನನ್ನನ್ನು ಕೇಳಿದ. "ಅಂವಾ?"

"ಅರಾಮ ಅದಾನ. ಪ್ರಾಕ್ಟೀಸ್ ಮಾಡ್ಸಾಕತ್ತಾನ."

"ಇನ್ನ ಗೊತ್ತಿಲ್ಲ ಅವನಿಗೆ," ಎಂದು ಮತ್ತೆ ಕಣ್ಣು ಮುಚ್ಚಿದ.

ರಾವಸಾಬ ಉಳಿದಿದ್ದ, ಗಂಜಿ ಕುಡಿಯುತ್ತಿದ್ದ, ಅಂಗಳದಲ್ಲಿ ಮೆಲ್ಲಗೆ ನಡೆಯುತ್ತಿದ್ದ. ಆದರೆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರಲಿಲ್ಲ. ಇಲ್ಲಿಂದ ಏನೋ ಒಂದು ಹೊರಟಿದೆ, ದಾರಿಯಲ್ಲಿದೆ, ಸಮುದ್ರ ದಾಟಿ ಹೋಗುತ್ತಿದೆ, ಅಲ್ಲಿ ಒಬ್ಬ ಮನುಷ್ಯ ಕರಿ ಕೋಟು ಹಾಕಿಕೊಂಡು ಏನೂ ತಿಳಿಯದೆ ನಿಂತಿದ್ದಾನೆ. ಮೊದಲು ಅವನ ಹೆಸರೆತ್ತಬೇಡಿ ಎಂದಿದ್ದ ವೈನಿಯೇ ಈಗ ಚಹಾ ಕೊಡುವಾಗ, "ಇವತ್ತ ಹ್ಯಾಂಗ ಅದಾನಂತರಿ?" ಎಂದು ಕೇಳುತ್ತಿದ್ದರು. ಅಲ್ಲಿ ಥಂಡಿ ಐತೇನ, ಥಂಡ್ಯಾಗ ಎದಿಗೆ ತ್ರಾಸ ಅಕ್ಕೈತಿ ಎಂದು ರಾವಸಾಬ ದಿನಾ ಕೇಳತೊಡಗಿದ ಮೇಲೆಯೇ ನಾನು ಆ ಊರಿನ ಹವಾಮಾನವನ್ನು ಮೊಬೈಲಿಗೆ ಹಾಕಿಸಿಕೊಂಡದ್ದು.

"ಅಂವಗ ತಿಳಸಬೇಕೋ ಮಾಸ್ತರ. ನಿನಗ ಇಂಗ್ಲಿಷ್ ಬರತೈತೆಲ್ಲ," ಎಂದ ಒಂದು ದಿನ.

ನನ್ನ ಇಂಗ್ಲಿಷ್ ರಜೆ ಕೇಳುವಷ್ಟಕ್ಕೆ ಸಾಕಾಗುವಂಥದು. ಆದರೂ ಕೂತು ಆ ಕ್ಲಬ್ಬಿಗೆ ಒಂದು ಇಮೇಲ್ ಬರೆದೆ. ನಾವು ಕೃಷ್ಣಾ ನದಿಯ ದಂಡೆಯ ಒಂದು ಊರಿನವರು, ನಿಮ್ಮ ಮ್ಯಾನೇಜರರ ಎದೆಯನ್ನು ದಯವಿಟ್ಟು ಕೂಡಲೇ ಒಳ್ಳೆಯ ಡಾಕ್ಟರಿಗೆ ತೋರಿಸಿ, ಕಾರಣ ಹೇಳಿದರೆ ನೀವು ನಂಬುವುದಿಲ್ಲ ಎಂದು. ಕೊನೆಯಲ್ಲಿ 'ತಮ್ಮ ವಿಧೇಯ' ಎಂದೂ ಹಾಕಿದೆ, ಅಭ್ಯಾಸ. ಕಳಿಸಿದ ಕ್ಷಣಕ್ಕೇ ಉತ್ತರ ಬಂತು. ಹೊಸ ಜರ್ಸಿಗಳು ಮಾರಾಟಕ್ಕಿವೆ, ಮಕ್ಕಳ ಅಳತೆಯವೂ ಇವೆ ಎಂದಿತ್ತು.

"ಮುಟ್ಟೀತಂತೇನು?" ಎಂದ ರಾವಸಾಬ.

"ಮುಟ್ಟೈತಿ," ಎಂದೆ.

ಮತ್ತೊಂದು ಬೆಳಿಗ್ಗೆ ಶಾಲೆಯ ಪಡಸಾಲೆಯಲ್ಲಿ ನಿಂತು ಪಂದ್ಯದ ತುಣುಕು ನೋಡುತ್ತಿದ್ದೆ. ಪ್ರಾರ್ಥನೆ ನಡೆದಿತ್ತು. ಗೆರೆಯ ಹತ್ತಿರ ಬೇರೆ ಯಾರೋ ನಿಂತಿದ್ದರು. ಕರಿ ಕೋಟು ಕಾಣಲಿಲ್ಲ. ಮುಗಿಯುವ ತನಕ ನೋಡಿದೆ, ಅವನು ಬರಲೇ ಇಲ್ಲ. ಸುದ್ದಿ ಹುಡುಕಿದೆ. ಇಟಾಲಿಯನ್ನಿನಲ್ಲಿತ್ತು, ಮೊಬೈಲು ಅದನ್ನು ತನಗೆ ತಿಳಿದ ಕನ್ನಡಕ್ಕೆ ತಿರುಗಿಸಿ ಕೊಟ್ಟಿತು. ಮ್ಯಾನೇಜರರು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಅಲ್ಲಿ ಹೃದಯದ ತೊಂದರೆ ತಿಳಿದುಬಂತು, ಚಿಕ್ಕ ಚಿಕಿತ್ಸೆ ಆಗಿದೆ, ಅವರು ಆರೋಗ್ಯವಾಗಿದ್ದಾರೆ.

ರಾವಸಾಬನಿಗೆ ಫೋನ್ ಮಾಡಿ ಓದಿದೆ. ಓದಿ ಮುಗಿಸುವಷ್ಟರಲ್ಲಿ ಫೋನು ವೈನಿಯ ಕೈಗೆ ಬಂತು. "ಇವರು ಅಳಾಕತ್ತಾರ. ಏನಾತ್ರಿ ಅಂವಗ?" ಎಂದರು. "ಉಳದಾನ್ರಿ ವೈನಿ," ಎಂದೆ. ಅದು ಪಡಸಾಲೆಗೆಲ್ಲ ಕೇಳುವಷ್ಟು ಜೋರಾಗಿತ್ತು. ಪ್ರಾರ್ಥನೆ ಮುಗಿಸಿ ಸಾಲಾಗಿ ಒಳಗೆ ಹೋಗುತ್ತಿದ್ದ ಹುಡುಗಿಯರು ಮಾಸ್ತರರಿಗೆ ಏನಾಯಿತು ಎಂದು ತಿರುತಿರುಗಿ ನೋಡಿದರು.

ನಮ್ಮಾಂವ ಮತ್ತೆ ಕೆಲಸಕ್ಕೆ ಬಂದ ದಿನ ಪತ್ರಕರ್ತರು ಅವನನ್ನು ಕೇಳಿದ್ದರು, ನೋವೇ ಇರಲಿಲ್ಲ ಎನ್ನುತ್ತೀರಿ, ಹಾಗಾದರೆ ಯಾಕೆ ಹೋದಿರಿ ಎಂದು. ಅವನ ಉತ್ತರವನ್ನು ಮೊಬೈಲು ಹೀಗೆ ಕನ್ನಡಿಸಿತು: "ನನ್ನ ಮುಂದೆ ಹೋಗುವವನು ಹೋದನು, ಆದ್ದರಿಂದ ನಾನು ಹೋದೆನು." ಅದು ಅವರ ಭಾಷೆಯ ನುಡಿಗಟ್ಟೋ, ಮೊಬೈಲಿನ ತಪ್ಪೋ, ಅವನು ಹೇಳಿದ್ದೇ ಹಾಗೋ, ನನಗೆ ಗೊತ್ತಿಲ್ಲ. ಇಟಾಲಿಯನ್ ಬಲ್ಲವರು ರಾಯಬಾಗದಲ್ಲಿ ಇಲ್ಲ. ಇದ್ದಿದ್ದರೂ ಕೇಳುತ್ತಿದ್ದೆನೋ ಇಲ್ಲವೋ.

ಅದನ್ನು ರಾವಸಾಬನಿಗೆ ಓದಿ ಹೇಳಲೆಂದು ಮರುದಿನ ಮಧ್ಯಾಹ್ನ ಬೈಕಿನಲ್ಲಿ ಉಗಾರಕ್ಕೆ ಹೋದೆ. ಅವನು ಅಂಗಳದಲ್ಲಿ ಕೂತಿದ್ದ, ಮೈ ಇಳಿದಿತ್ತು, ಮುಖಕ್ಕೆ ಬಣ್ಣ ಮರಳಿತ್ತು. ಇನ್ನೊಮ್ಮೆ ಓದು ಎಂದ. ಓದಿದೆ. ಸಕ್ಕರೆ ಇಲ್ಲದ ಚಹಾ ಕುಡಿದು ಮುಗಿಸಿ, ಮೆಲ್ಲಗೆ ಹೇಳಿದ.

"ಅಂವಾ ನನ್ನ ಹಿಂದ ಬರಾಕತ್ತಾನ. ಖರೆ. ನಾ ಯಾರ ಹಿಂದ ಹೊಂಟೀನೋ ಮಾಸ್ತರ?"

ನಾನು ಮೊಬೈಲನ್ನು ಜೇಬಿಗೆ ಹಾಕಿಕೊಂಡೆ.

"ಅವತ್ತ ಶಾಲನ ಆ ಮಾತ ಹೇಳಿದ್ಲು, ನೀ ಹೌದು ಅಂದಿ. ಅದರ ಸಲುವಾಗಿನ ನಾ ಎದ್ದೆ ಅಂತ ನೀವು ತಿಳಕೊಂಡೀರಿ. ಆದ್ರ ಆಕಿ ಬಾಯಿ ತಗ್ಯೂಕಿಂತ ಮೊದಲ ನಾ ಒಳಗ ಗೂಟದ ಮ್ಯಾಲಿನ ಅಂಗಿ ನೋಡಾಕತ್ತಿದ್ನಿ. ಹೋಗಬೇಕು ಅನಸ್ತಿತ್ತು. ಬಾಯಿಲೆ ಬ್ಯಾಡ ಅನ್ನಾಕತ್ತಿದ್ನಿ, ಒಳಗ ಯಾರೋ ಹೋಗಿ ಬಂದಂಗ ಅನಸ್ತಿತ್ತು. ಯಾರಂತ ಗೊತ್ತಿಲ್ಲ. ಯಾವ ಊರಾಂವೋ ಏನೋ."

ಚಹಾದ ಕಪ್ಪು ತೆಗೆದುಕೊಳ್ಳಲು ಬಂದಿದ್ದ ವೈನಿ ಬಾಗಿದವರು ಹಾಗೆಯೇ ನಿಂತರು. "ಯಾರರ ಇರ್ಲಿ," ಎಂದರು, "ಅಂವಾ ಅರಾಮ ಇರ್ಲಿ." ಕಪ್ಪುಗಳನ್ನು ಎತ್ತಿಕೊಂಡು ಒಳಗೆ ಹೋದರು.

ಹೊರಡುವಾಗ ರಾವಸಾಬ ಬೈಕಿನ ತನಕ ಬಂದ. ನನ್ನ ಹೆಲ್ಮೆಟ್ಟು ಹ್ಯಾಂಡಲಿಗೆ ತೂಗುತ್ತಿತ್ತು. ಕುಡಚಿಯ ಹತ್ತಿರ ಪೊಲೀಸರು ಕಂಡರೆ ಮಾತ್ರ ಅದು ತಲೆಗೇರುವುದು ವಾಡಿಕೆ. ಆ ದಿನ, ನನ್ನ ಹಿಂದೆಯೂ ಯಾವ ಊರಿನವನೋ ಒಬ್ಬ ಇರಬಹುದು ಎನಿಸಿ, ಅಂಗಳದಲ್ಲೇ ಹಾಕಿಕೊಂಡೆ, ಪಟ್ಟಿಯನ್ನೂ ಬಿಗಿದೆ. ಬೇರೆ ದಿನವಾಗಿದ್ದರೆ ರಾವಸಾಬ ನಕ್ಕುಬಿಡುತ್ತಿದ್ದ. ನಗಲಿಲ್ಲ. "ಸಾವಕಾಶ ಹೋಗು," ಎಂದ.

ಸಾವಕಾಶವೇ ಹೋದೆ. ಕಬ್ಬಿನ ಟ್ರ್ಯಾಕ್ಟರುಗಳು ಕೂಡ ನನ್ನನ್ನು ಹಿಂದೆ ಹಾಕಿ ಹೋದವು. ಹೊಳೆಯ ಸೇತುವೆಯ ನಡುವೆ ಒಮ್ಮೆ ಕನ್ನಡಿಯಲ್ಲಿ ಹಿಂದಕ್ಕೆ ನೋಡಿದೆ. ಬಿಸಿಲು ಬಿದ್ದ ರಸ್ತೆ ಖಾಲಿ ಇತ್ತು, ಯಾರೂ ಬರುತ್ತಿರಲಿಲ್ಲ. ವೇಗವನ್ನು ಇನ್ನೂ ಸ್ವಲ್ಪ ಇಳಿಸಿದೆ.